ಬೊಂತೆಗೊಂದು ಚಟ್ಟಂ

ಚಿನ್ನದ ಗಣಿ, ನಮ್ಮ ಬಾಯಲ್ಲಿ ಮೈನ್ಸು, ಇನ್ನೂ ನಡೆಯುತ್ತಿದ್ದ ಕಾಲ ಅದು. ಚಾಂಪಿಯನ್ ರೀಫ್ಸಿನ ನಮ್ಮ ಸಾಲುಮನೆಗಳಲ್ಲಿ ಒಂದು ಬಾಗಿಲಲ್ಲಿ ತಮಿಳು, ಪಕ್ಕದ ಬಾಗಿಲಲ್ಲಿ ಕನ್ನಡ, ಅದರಾಚೆ ತೆಲುಗು. ಮಕ್ಕಳು ನಾವು ಯಾವ ಮನೆಯಲ್ಲಿ ತಿಂಡಿ ಸಿಕ್ಕರೆ ಆ ಮನೆಯ ಭಾಷೆ ಮಾತಾಡುತ್ತಿದ್ದೆವು. ಬೇಸಿಗೆಯಲ್ಲಿ, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಬಿಳಿ ಧೂಳು ಗಾಳಿಗೆ ಎದ್ದು ಬಂದು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತಿತ್ತು. ಹೆಂಗಸರು ಬೈಯುತ್ತಾ ಕೊಡವುತ್ತಿದ್ದರು. ಬೈಗುಳ ಮಾತ್ರ ಯಾವ ಭಾಷೆಯದಾದರೂ ಎಲ್ಲರಿಗೂ ಅರ್ಥವಾಗುತ್ತಿತ್ತು.

ಅರ್ಥವಾಗುವುದಿಲ್ಲ ಎಂದು ಹಟ ಹಿಡಿದವಳು ನನ್ನ ಅಜ್ಜಿ ಒಬ್ಬಳೇ. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಮದುವೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡರೂ ಒಂದು ತಮಿಳು ಮಾತು ಕಲಿತಿರಲಿಲ್ಲ. "ನನ್ ಬಾಯಿಗೆ ಅದೆಲ್ಲ ಇಡ್ಸಾಕಿಲ್ಲ" ಎನ್ನುತ್ತಿದ್ದಳು. ತಾತ ಮೈನ್ಸಿನ ಒಳಗೆ ಕೆಲಸ ಮಾಡುವವನು. ಕೆಳಗಿಳಿದರೆ ತಮಿಳು, ಮೇಲೆ ಬಂದರೆ ಕನ್ನಡ.

ಆ ಬೇಸಿಗೆ ಅಜ್ಜಿಯ ಮಗಳು, ನಮ್ಮ ರತ್ನತ್ತೆ, ಮೊದಲ ಹೆರಿಗೆಗೆ ಬಂದಿದ್ದಳು. ನಮ್ಮ ಕಡೆ ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಸೋಕಿಸುವುದಿಲ್ಲ. ಮನೆಯವರು ಉಟ್ಟು ಮೆತ್ತಗಾದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೈಯಲ್ಲಿ ಹೊಲಿದ ಬೊಂತೆಯಲ್ಲೇ ಎತ್ತಿಕೊಳ್ಳಬೇಕು. ಅದು ಹೆರಿಗೆಗೆ ಮುಂಚೆ ಮುಗಿದಿರಬೇಕು. ಅಜ್ಜಿ ಟ್ರಂಕಿನಿಂದ ಸೀರೆ ತೆಗೆದಾಗ ಮನೆಯೆಲ್ಲ ನುಸಿಗುಳಿಗೆಯ ವಾಸನೆ. ಮೂಲೆಯಲ್ಲಿ ಹಲಸಿನಹಣ್ಣೊಂದು ಅದಕ್ಕೆ ಪೈಪೋಟಿ ಕೊಡುತ್ತಿತ್ತು.

ಹಳ್ಳಿಯಲ್ಲಾದರೆ ನೆಲಕ್ಕೆ ಹಾಸಿ ಸುತ್ತ ನಾಲ್ಕಾರು ಹೆಂಗಸರು ಕೂರುತ್ತಾರೆ. ಇಲ್ಲಿ ಅಜ್ಜಿ ಒಬ್ಬಳೇ, ಮಂಡಿ ಬೇರೆ ನೋವು. ತೊಡೆಯ ಮೇಲೆ ಹಾಕಿಕೊಂಡೇ ಹೊಲಿದಳು. ಬಿಚ್ಚಿ ನೋಡಿದರೆ ನಡುವೆಲ್ಲ ಸುಕ್ಕು, ಅಂಚೆಲ್ಲ ಸೊಟ್ಟ.

"ಅವ್ವಾ, ಇದು ಬೊಂತೆನಾ, ಸುಟ್ಟ ಅಪ್ಪಳಾನಾ?" ಎಂದಳು ರತ್ನತ್ತೆ.

"ಸುಮ್ಕಿರೇ. ನಿನ್ ಒಟ್ಟೆ ತರಾನೇ ಉಬ್ಬೈತೆ ಅಷ್ಟೇಯ."

ಬಾಯಲ್ಲಿ ಹಾಗೆಂದರೂ ಅಜ್ಜಿಯ ಮುಖ ಸಣ್ಣಗಾಗಿತ್ತು. ಹೊಲಿದದ್ದನ್ನೆಲ್ಲ ಬಿಚ್ಚಿದಳು.

ಪಕ್ಕದ ಮನೆಯ ಸೆಲ್ವಕ್ಕ ಕಸೂತಿ ಬಲ್ಲವಳು. ಅವಳು ತನ್ನ ಕಸೂತಿಯ ಬಳೆ ತಂದಳು. ಒಂದರೊಳಗೊಂದು ಕೂರುವ ಎರಡು ಮರದ ಬಳೆ, ನಡುವೆ ಬಟ್ಟೆ ಬಿಗಿಯುವುದು. ಕರವಸ್ತ್ರಕ್ಕೆ ಸರಿ, ನಾಲ್ಕು ಪದರದ ಸೀರೆಗೆ ಹೇಗಾದೀತು? ಸೆಲ್ವಕ್ಕ ತಿರುಪು ಬಿಗಿದಳು, ಅಜ್ಜಿ ಮೇಲೆ ಕೈಯೂರಿ ಒತ್ತಿದಳು. ಟಪ್ ಅಂತ ಹೊರಗಿನ ಬಳೆ ಹಾರಿ ಬಾಗಿಲು ದಾಟಿ ಬೀದಿಗೆ ಉರುಳಿತು. ನಾನು ಹಿಂದೆ ಓಡಿದೆ. ಹಿಡಿದು ತಂದುಕೊಟ್ಟೆನೆಂದುಕೊಳ್ಳಬೇಡಿ. ಕಡ್ಡಿ ಹಿಡಿದು ಇಳಿಜಾರಿನ ತುದಿಯವರೆಗೂ ಓಡಿಸಿಕೊಂಡು ಹೋದೆ.

ಆಮೇಲೆ ಬಂದದ್ದು ರಾಗಿಹಿಟ್ಟಿನ ಜರಡಿ. ಅದರ ಬಳೆ ದೊಡ್ಡದು, ಗಟ್ಟಿ. ಸೀರೆಯನ್ನು ಅದರ ಮೇಲೆ ಎಳೆದು ದಾರದಲ್ಲಿ ಬಿಗಿದರು. ಸೂಜಿ ಚುಚ್ಚಿದಾಗಲೆಲ್ಲ ಹಿಟ್ಟು ಉದುರಿ ಅಜ್ಜಿಗೆ ಸೀನು. ಸೀನಿದಾಗಲೆಲ್ಲ ಹೊಲಿಗೆ ಅಡ್ಡದಾರಿ. ನಾನೊಂದು ಸೈಕಲ್ ರಿಮ್ಮು ಹುಡುಕಿ ತಂದೆ. ದುಂಡಗೆ, ಬಿಗಿಯಾಗಿ, ಎಲ್ಲ ಸರಿಯಾಗಿಯೇ ಇತ್ತು. ಗ್ರೀಸು ಮೆತ್ತಿಕೊಂಡಿದ್ದು ಮಾತ್ರ ನನಗೆ ಕಾಣಲಿಲ್ಲ, ಅಜ್ಜಿಗೆ ಕಂಡಿತು. ಆಮೇಲೆ ನನ್ನ ಬೆನ್ನ ಮೇಲೂ ಅವಳ ಬೆರಳಚ್ಚು ಕಂಡಿತು.

ಸೆಲ್ವಕ್ಕ ಸೊಂಟಕ್ಕೆ ಕೈಕೊಟ್ಟು ಯೋಚಿಸಿದಳು. ಅವಳ ಕನ್ನಡ ಅರ್ಧ, ತಮಿಳು ಅರ್ಧ. "ರೌಂಡು ಎಲ್ಲ ಆಗೋದಿಲ್ಲ ಪೆರಿಯಮ್ಮಾ. ತಾತಾಗೆ ಸೊಲ್ಲಿ... ಮರಚ್ಚಟ್ಟಂ ಕಟ್ಸಿ. ನಾಳೇನೇ ತಾತಾಗೆ ಚಟ್ಟಂ ಕಟ್ಸಿ. ಆಮೇಲೆ ಎಲ್ಲಾ ನೆಮ್ಮದಿ."

ಅಜ್ಜಿಯ ಕೈಯಿಂದ ಸೂಜಿ ಬಿತ್ತು.

"ಏನಂದೆ? ನನ್ ಗಂಡಂಗೆ ಚಟ್ಟ ಕಟ್ಟುಸ್ಲಾ?"

"ಆಮಾ ಪೆರಿಯಮ್ಮಾ. ಮರದ್ದು. ನಲ್ಲಾ ಗಟ್ಟಿಯಾಗಿ."

ಸಾಲುಮನೆಯ ಅಷ್ಟೂ ಬಾಗಿಲು ತೆರೆದವು. ಹೆಣ ಹೊರುವ ಚಟ್ಟದ ಮಾತು, ಅದೂ ತುಂಬಿದ ಬಸುರಿ ಇರುವ ಮನೆಯಲ್ಲಿ, ಗಂಡ ನೆಲದ ಕೆಳಗಿರುವ ಹೊತ್ತಿನಲ್ಲಿ! "ನಿನ್ ನಾಲ್ಗೆ ಸೇದೋಗ! ನಿನಗೇನ್ ಮಾಡಿದ್ನೇ ಆ ಮನುಸ?" ಎಂದು ಅಜ್ಜಿ ಕೂಗಿದ ಕೂಗಿಗೆ ಸೆಲ್ವಕ್ಕ ಗೋಡೆಗೆ ಅಂಟಿಕೊಂಡಳು. "ಐಯೋ, ನಾನ್ ಎನ್ನ ಸೊಲ್ಲಿಟ್ಟೇನ್? ನಾನೇನ್ ತಪ್ಪು ಹೇಳ್ದೆ?" ಎನ್ನುತ್ತಾ ಅಳುತ್ತಾ ಮನೆಗೆ ಓಡಿದಳು. ಅಜ್ಜಿ ಸೀರೆಗಳನ್ನು ಸುತ್ತಿ ಮಂಚದ ಕೆಳಗೆ ತಳ್ಳಿದಳು.

ಕೂಗಾಟ ಮುಗಿದ ಮೇಲೆ ಅವಳು ಹೊಸ್ತಿಲಲ್ಲಿ ಕೂತಳು. ಬೈಯಲಿಲ್ಲ, ಊಟ ಮಾಡಲಿಲ್ಲ, ದಾರಿ ನೋಡಿದಳು. ಮೈನ್ಸಿಗೆ ಹೋದವರ ಮನೆಯ ಹೆಂಗಸರು ಆ ದಾರಿಯನ್ನು ದಿನವೂ ನೋಡುತ್ತಿದ್ದರು, ಆದರೆ ಕೆಲಸ ಮಾಡುತ್ತಾ, ನೋಡದವರ ಹಾಗೆ. ಅಂದು ಅಜ್ಜಿ ನೋಡುವುದನ್ನೇ ಕೆಲಸ ಮಾಡಿಕೊಂಡಳು. ಶಿಫ್ಟು ಬಿಟ್ಟ ಸೈರನ್ ಕೂಗಿದಾಗ ನನ್ನ ಭುಜ ಹಿಡಿದು ನೂಕಿದಳು. "ಓಗ್ಲಾ ಸೀನಾ, ಗೇಟ್ತಾವ ಓಗು. ತಾತ ಬಂದ್ನಾ ನೋಡು. ಓಡ್ಲಾ!"

ಗೇಟಿನಿಂದ ಗುಂಪು ಬಂತು. ಎಲ್ಲರ ಮುಖವೂ ಒಂದೇ ಧೂಳಿನ ಬಣ್ಣ. ಒಂದೊಂದೇ ಮುಖ ಇಣುಕಿ ನೋಡಿದೆ. ಕೊನೆಗೆ ಊಟದ ಕ್ಯಾರಿಯರ್ ಅಲ್ಲಾಡಿಸುತ್ತಾ ಒಬ್ಬ ಬಂದ. ಆ ನಡಿಗೆ ನನಗೆ ಗೊತ್ತಿತ್ತು.

"ಏನ್ಲಾ, ಮಾವಿನಕಾಯಿ ಕದ್ದು ಸಿಕ್ಕಾಕೊಂಡೇನ್ಲಾ? ಮುಖ ಯಾಕಂಗೈತೆ?"

ನಾನು ಅವನ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ. ಅಜ್ಜಿ ಎದ್ದು ಬಂದು, ಬೀದಿಯಲ್ಲಿ ಅಷ್ಟು ಜನರ ಮುಂದೆ, ಧೂಳು ಮೆತ್ತಿದ ಅವನ ಎರಡೂ ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅಳುತ್ತಾ ಎಲ್ಲ ಹೇಳಿದಳು. "ನಿಂಗೆ ಚಟ್ಟ ಕಟ್ಟುಸು ಅಂದ್ಬಿಟ್ಳು ಕಣಯ್ಯೋ. ಅದೂ ಗಟ್ಟಿಯಾಗಿ ಕಟ್ಟುಸ್ಬೇಕಂತೆ!"

ತಾತ ಮೆಟ್ಟಿಲ ಮೇಲೆ ಕೂತ. ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ಇಲ್ಲ, ನಗುತ್ತಿದ್ದ. ಕಣ್ಣಿನ ನೀರು ಕೆನ್ನೆಯ ಧೂಳಿನಲ್ಲಿ ಗೆರೆ ಎಳೆಯುವಷ್ಟು ನಕ್ಕ.

"ಉಚ್ಚೀ, ತಮಿಳ್ನಾಗೆ ಚಟ್ಟಂ ಅಂದ್ರೆ ಚೌಕಟ್ಟು ಕಣೇ! ಬೊಂತೆಗೆ ಚೌಕಟ್ಟು ಮಾಡುಸ್ಕೋ ಅಂದವ್ಳೆ. ನಾನು ದಿನಾ ಕೆಳಗಡೆ ಮಾಡೋ ಕೆಲ್ಸ ಇನ್ನೇನಂದ್ಕೊಂಡೆ? ಬಂಡೆ ತಲೆ ಮ್ಯಾಲೆ ಬೀಳ್ದಂಗೆ ಮರದ ಚಟ್ಟಂ ಕಟ್ಟೋದು. ಆ ಚಟ್ಟಂ ಇರೋದ್ಕೇ ಈ ಮನುಸ ಸಂಜೆ ಮನೇಗೆ ಬತ್ತಾ ಇರೋದು."

ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಕಣ್ಣು ಕೆಂಪಾದ ಸೆಲ್ವಕ್ಕ ಇಣುಕಿದಳು.

"ಬಾರೇ ಇಲ್ಲಿ. ಅದೇನಂದ್ಯೋ ಇನ್ನೊಂದ್ಸಲ ಯೋಳು."

"ಬೇಡ ಪೆರಿಯಮ್ಮಾ, ಭಯ ಆಗ್ತದೆ."

"ಯೋಳೇ ಅಂದ್ರೆ! ಕಲ್ತ್ಕೊಂತೀನಿ."

"ಮರಚ್ಚಟ್ಟಂ..."

"ಮರಚಟ್ಟಮ್ಮು" ಎಂದಳು ಅಜ್ಜಿ. ಅದು ಅವಳು ಕಲಿತ ಮೊದಲ ತಮಿಳು ಮಾತು. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ರತ್ನತ್ತೆ ಹೊಟ್ಟೆ ಹಿಡಿದುಕೊಂಡು, "ನಗುಸ್ಬೇಡ್ರೇ, ಇಲ್ಲೇ ಎತ್ಬಿಡ್ತೀನಿ" ಎಂದಳು.

ಹೊಸದಾಗಿ ಚೌಕಟ್ಟು ಮಾಡುವಷ್ಟು ಹೊತ್ತಿರಲಿಲ್ಲ. ತಾತ ತನ್ನ ಮಂಚದ ನವಾರನ್ನೇ ಬಿಚ್ಚಿಹಾಕಿದ. ಬರಿಯ ನಾಲ್ಕು ಪಟ್ಟಿ, ನಾಲ್ಕು ಕಾಲು ಉಳಿದವು. ಅದರ ಮೇಲೆ ಸೀರೆಗಳನ್ನು ಹಾಸಿ, ಸುತ್ತಲೂ ಹುರಿ ಹಾಕಿ ಎಳೆದು ಬಿಗಿದ. ಬೆರಳಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು. "ಈಗ ಒಲೀರಿ ನೋಡಾನ!"

ಅಲ್ಲಿಂದ ನಮ್ಮ ಮನೆ ಹಬ್ಬದ ಮನೆ. ಆ ಬದಿಗೆ ಅಜ್ಜಿ, ಈ ಬದಿಗೆ ಸೆಲ್ವಕ್ಕ, ಮಂಚದ ಕಾಲ ಹತ್ತಿರ ಕೂತು ಸೂಜಿಗೆ ದಾರ ಪೋಣಿಸುವ ರತ್ನತ್ತೆ. ನಾನು ಮಂಚದ ಕೆಳಗೆ ಅಂಗಾತ ಮಲಗುತ್ತಿದ್ದೆ. ಕಿಟಕಿಯ ಬಿಸಿಲು ಬಿದ್ದು ಮೇಲೆಲ್ಲ ಕೆಂಪು, ಹಸಿರು, ಅರಿಶಿನದ ಬೆಳಕು. ಅದರೊಳಗೆ ಮಿಂಚಿ ಮಾಯವಾಗುವ ಸೂಜಿ. ಸೆಲ್ವಕ್ಕ ಮುರುಕು ಕರಿದು ತಂದರೆ ಅಂಚಿನಿಂದ ಕೆಳಕ್ಕೂ ಒಂದೊಂದು ಇಳಿಯುತ್ತಿತ್ತು. ರಜೆಯ ದಿನ ತಾತನೂ ನನ್ನ ಪಕ್ಕ ಬಂದು ಮಲಗಿ, ಕೆಳಗೆ ಬಂದ ಸೂಜಿಯನ್ನು ವಾಪಸ್ಸು ಮೇಲಕ್ಕೆ ಚುಚ್ಚಿ ಕಳಿಸಿದ.

"ನಿನಗ್ಯಾಕಯ್ಯೋ ಎಂಗಸರ ಕೆಲ್ಸ?" ಎಂದಳು ಅಜ್ಜಿ.

"ಕೆಳಗಡೆ ಕೆಲ್ಸ ಅಲ್ವೇನೇ, ನಂಗೆ ಅಭ್ಯಾಸ" ಎಂದ ತಾತ.

ಸುಕ್ಕು ಒಂದೂ ಬರಲಿಲ್ಲ. ಕೊನೆಯ ಗಂಟು ಹಾಕಿದ ಮರುದಿನವೇ ರತ್ನತ್ತೆಗೆ ಹೆಣ್ಣುಮಗು ಹುಟ್ಟಿತು. ಬೊಂತೆಯನ್ನು ಅಜ್ಜಿ ತಾನು ಹಿಡಿಯದೆ ಸೆಲ್ವಕ್ಕನ ಕೈಗೆ ಕೊಟ್ಟು, "ನೀನೇ ಎತ್ಕೊಳ್ಳೇ ಮೊದ್ಲು" ಎಂದಳು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಬಡಗಿಯಾದವನು. ಆದರೆ ಬಂಗಾರಪೇಟೆಯಲ್ಲಿ ನಾನು ಕೂರಿಸಿದ ಬಾಗಿಲು ಎಂಥ ಮಳೆಗೂ ಬಿಗಿಯಾಗುವುದಿಲ್ಲ, ಯಾರನ್ನಾದರೂ ಕೇಳಿ. ಮೊನ್ನೆ ನನ್ನ ಮಗಳು ಮೊಬೈಲ್ ಹಿಡಿದು ಬಂದಳು. ಅವಳಿಗೆ ಕೈಹೊಲಿಗೆಯ ರಜಾಯಿ ಮಾಡುವ ಆಸೆ. "ಅಪ್ಪಾ, ರೌಂಡ್ ತರಿಸ್ಲಾ, ಫ್ರೇಮ್ ತರಿಸ್ಲಾ? ಪ್ಲಾಸ್ಟಿಕ್ಕಾ, ಮರದ್ದಾ?" ನಾನು ಫೋನು ಮುಚ್ಚಿಸಿ, ಸಿಲ್ವರ್ ಓಕ್ ಪಟ್ಟಿ ನಾಲ್ಕು ಕೊಯ್ದೆ.

ಈಗ ನಮ್ಮಲ್ಲಿ ಕನ್ನಡದವರೂ ತಮಿಳಿನವರೂ ತೆಲುಗಿನವರೂ ಫ್ರೇಮ್ ಎಂದೇ ಹೇಳುತ್ತಾರೆ. ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಹೆದರಬೇಕಾಗಿಲ್ಲ, ಪಕ್ಕದ ಮನೆಯ ಬಾಗಿಲು ತಟ್ಟಬೇಕಾಗಿಯೂ ಇಲ್ಲ. ಸೈರನ್ ನಿಂತು ಎಷ್ಟೋ ಕಾಲವಾಯಿತು. ಆ ದಾರಿಯಲ್ಲಿ ಕಾಯುವವರೂ ಇಲ್ಲ, ಕ್ಯಾರಿಯರ್ ಅಲ್ಲಾಡಿಸುತ್ತಾ ಬರುವವರೂ ಇಲ್ಲ.

ನಾಲ್ಕನೇ ಮೂಲೆ ಜೋಡಿಸಿ, ಬೆರಳಿಂದ ತಟ್ಟಿ ನೋಡಿದೆ. ಬಾಯಿಗೆ ತಾನಾಗಿಯೇ ಬಂತು: "ಬಾಮ್ಮಾ, ನಿನ್ ಚಟ್ಟಂ ರೆಡಿ."

ಮಗಳು ಬೆಚ್ಚಿ ತಲೆಯೆತ್ತಿದಳು. "ಅಪ್ಪಾ! ಏನ್ ಮಾತು ಅಂತ ಆಡ್ತೀಯ!"

ನಾನು ಉಳಿ ಕೆಳಗಿಟ್ಟು ನಕ್ಕೆ. ಆಮೇಲೆ ಅವಳನ್ನು ಕೂರಿಸಿಕೊಂಡು ಇಷ್ಟನ್ನೂ ಹೇಳಬೇಕಾಯಿತು. ತಾತನಾಗಿದ್ದರೆ ಮೆಟ್ಟಿಲ ಮೇಲೆ ಕೂತು, ಭುಜ ಕುಲುಕಿಸಿ, ಅರ್ಧ ಮಾತಿನಲ್ಲಿ ಮುಗಿಸಿಬಿಡುತ್ತಿದ್ದ.