ಮೂರೂವರೆ ತಾಸಿನ ಕಡುಬು

ತಪ್ಪು ಪೂರ್ತಿ ನನ್ನದೇ. ಆದರೂ ಆ ಕಂಪ್ಯೂಟರ್ ಸ್ವಲ್ಪ ಬಾಯಿಬಿಟ್ಟು ಹೇಳಬಹುದಿತ್ತು.

ಎರಡು ಸಾವಿರದ ದಶಕದ ಮಾತು. ಅಕ್ಕ ಚೊಚ್ಚಲ ಬಸುರಿ. ಭಾವ ರಸ್ತೆ ಮಾಡಿಸುವ ಇಂಜಿನಿಯರ್. ಅಸ್ಸಾಮಿನ ತುದಿಯಲ್ಲಿ, ಲೀಲಾಬಾರಿ ಎಂಬ ಪುಟ್ಟ ವಿಮಾನ ನಿಲ್ದಾಣದ ಹತ್ತಿರ ಇಬ್ಬರೂ ಇದ್ದರು. ಒಂದು ದಿನ ಅಕ್ಕ ಫೋನಿನಲ್ಲಿ, "ಅಮ್ಮಾ, ಅರಿಶಿನ ಎಲೆ ಕಡುಬು ತಿನ್ನವು ಹೇಳಿ ಜೀವ ಹೋಗ್ತು," ಎಂದು ಅತ್ತೇಬಿಟ್ಟಳು. ಬಸುರಿಯ ಬಯಕೆ ತೀರುವ ತನಕ ಅಮ್ಮನಿಗೆ ಅನ್ನ ಇಳಿಯುವುದುಂಟೇ? ಆದರೆ ಅವಳು ಯಲ್ಲಾಪುರದ ಬಸ್ಸು ಹತ್ತಲೂ ಮೂಗಿಗೊಂದು ನಿಂಬೆಹಣ್ಣು ಹಿಡಿಯಬೇಕು, ಇಲ್ಲದಿದ್ದರೆ ವಾಂತಿ. ಹಾಗಾಗಿ ಹೋಗುವವನು ನಾನು. "ಮಾಣಿ, ಎಷ್ಟು ಹೊತ್ತಿನ ದಾರಿ, ನೋಡ್ಕಂಡು ಬಾ," ಎಂದು ನಮ್ಮೂರು ಹೆಗ್ಗರಣೆಯಿಂದ ಶಿರಸಿಯ ಇಂಟರ್ನೆಟ್ ಅಂಗಡಿಗೆ ಅಟ್ಟಿದಳು.

ಅಲ್ಲೊಂದು ಪುಟದಲ್ಲಿ ಎರಡು ನಿಲ್ದಾಣಗಳ ಹೆಸರು ಒತ್ತಿದರೆ ಸಾಕು. ಹುಬ್ಬಳ್ಳಿ, ಲೀಲಾಬಾರಿ. ಎರಡು ಸಾವಿರ ಚಿಲ್ಲರೆ ಕಿಲೋಮೀಟರು, ಹಾರುವ ಹೊತ್ತು ಮೂರೂವರೆ ತಾಸು. ಕೆಳಗೆ ಸಣ್ಣಕ್ಷರದಲ್ಲಿ ಏನೋ ಇತ್ತು. ಸಣ್ಣಕ್ಷರ ಓದುವ ಜಾಯಮಾನ ನನ್ನದಲ್ಲ.

"ಥೋ, ಇಷ್ಟೇಯ? ಹುಬ್ಬಳ್ಳಿಗೆ ಹೋಪಷ್ಟೇ ಹೊತ್ತು!" ಎಂದು ಅಮ್ಮ ಹಿಗ್ಗಿಹೋದಳು. ಸೋಮವಾರ ಬೆಳಿಗ್ಗೆ ನಲವತ್ತು ಕಡುಬು ಬೇಯಿಸಿ, ಡಬ್ಬಿಗೆ ತುಂಬಿ, ಪಂಚೆಯಲ್ಲಿ ಸುತ್ತಿದಳು. "ಬಿಸಿ ಆರದ್ರೊಳಗೆ ಕೊಡವು, ನೋಡು."

ಮೊದಲೇ ಟಿಕೆಟ್ ತೆಗೆಯಬೇಕೆಂಬ ಬುದ್ಧಿ ಯಾರಿಗೂ ಹೊಳೆಯಲಿಲ್ಲ. ನಮ್ಮಲ್ಲಿ ಟಿಕೆಟ್ ತೆಗೆಯುವುದು ಬಸ್ಸು ಹತ್ತಿದ ಮೇಲಲ್ಲವೇ!

ಮೂರೂವರೆ ತಾಸಿನ ಮಾತು ಕೇಳಿ ಹುಬ್ಬಳ್ಳಿಯ ಟಿಕೆಟ್ ಏಜೆಂಟ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅಲ್ಲಿಗೆ ಇಲ್ಲಿಂದ ವಿಮಾನ ಎಲ್ಲೈತ್ರಿ? ಅದು ನಕಾಶೆ ಮ್ಯಾಲ ಗೆರಿ ಹೊಡದ ಲೆಕ್ಕರೀ!" ಸಣ್ಣಕ್ಷರದಲ್ಲಿ ಇದ್ದದ್ದು ಅದೇ ಇರಬೇಕು.

ತಿರುಗಿ ಹೋದರೆ ಅಮ್ಮನಿಗೆ ಯಾವ ಮುಖ ತೋರಿಸಲಿ? ರೈಲು ಹತ್ತಿ ಬೆಂಗಳೂರು, ಅಲ್ಲಿಂದ ವಿಮಾನದಲ್ಲಿ ಕೋಲ್ಕತ್ತಾ, ಆಮೇಲೆ ಗುವಾಹಟಿ. ಅಲ್ಲಿ ಮೋಡವೆಂದು ಒಂದು ದಿನ ಲೀಲಾಬಾರಿಯ ವಿಮಾನ ಮೇಲೇಳಲೇ ಇಲ್ಲ. ತಪಾಸಣೆಯವನು ಡಬ್ಬಿ ತೆರೆದವನೇ ಪಟಕ್ಕನೆ ಮುಚ್ಚಿ, ಹೋಗು ಹೋಗು ಎಂದು ಕೈಬೀಸಿದ. ನನ್ನ ಜನ್ಮದಲ್ಲಿ ಅಷ್ಟು ಬೇಗ ಯಾರೂ ನನ್ನನ್ನು ನಂಬಿದ್ದಿಲ್ಲ.

ಗುರುವಾರ ಅಕ್ಕ ಡಬ್ಬಿ ತೆರೆದಳು. ಕಡುಬು ಹಳಸಿ ನೂಲು ಬಿಟ್ಟಿತ್ತು. ಅವಳು ಬೈಯಲಿಲ್ಲ, ಒಂದು ಎಲೆ ಬಿಡಿಸಿ ಮೂಗಿಗೆ ಹಿಡಿದು ಕುಳಿತಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಫೋನು. ಅಷ್ಟು ದೂರಕ್ಕೆ ಕೇಳಬೇಕಲ್ಲ ಎಂದು ಅಮ್ಮ ಕೂಗಿಯೇ ಮಾತಾಡುವವಳು. ನನಗೂ ಎಲ್ಲ ಕೇಳುತ್ತಿತ್ತು.

"ಕಡುಬು ಹ್ಯಾಂಗಿತ್ತೇ ಕೂಸೇ?"

"ಬಿಸೀ ಇತ್ತಮ್ಮಾ," ಎಂದಳು ಅಕ್ಕ.

ಅಮ್ಮ ಬಿಡಲಿಲ್ಲ. "ಸೋಮವಾರದಿಂದ ದಿನ ಎಣಿಸಲೆ ನಂಗೂ ಬತ್ತು. ಮಾಣಿಗೆ ಕೇಳು, ಖರೆ ಎಷ್ಟು ಹೊತ್ತಿನ ದಾರಿ?"

"ನಾಲ್ಕು ದಿನ," ಎಂದೆ.

"ಸೈ. ಎಲೆ, ಬೆಲ್ಲ ಹಿಡ್ಕಂಡು ನಾನೇ ಬತ್ತೆ. ನಾಲ್ಕು ನಿಂಬೆಹಣ್ಣು ಸಾಕು."