ಕರು ಚೀಪಿದ ಬೆರಳು

ನನ್ನ ಅತ್ತೆ ಮೀನು ಮುಟ್ಟಿದರೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುವವರು. ದನ ಮುಟ್ಟಿದರೆ ಮಾತ್ರ ಸೆರಗಿಗೆ ಕೈ ಒರೆಸಿಕೊಂಡರೆ ಮುಗಿಯಿತು. "ಗೋಮಾತೆ ಮುಟ್ರೆ ಎಂತ ಹೊಲಸೇ?" ಎಂದು ಕೇಳುತ್ತಿದ್ದರು. ಅದಕ್ಕೆ ಎದುರು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾವು ಹಳದೀಪುರದವರು. ಒಂದಿಷ್ಟು ಗದ್ದೆ, ಹಿತ್ತಲಲ್ಲಿ ಬಸಳೆ, ಹೀರೆ, ಕೊಟ್ಟಿಗೆಯಲ್ಲಿ ಒಂದೇ ಒಂದು ದನ. ಅದನ್ನೂ ಯಾರಿಗಾದರೂ ಕೊಟ್ಟುಬಿಡುವ ಎಂದು ನನ್ನ ಗಂಡ ಯಾವಾಗಲೂ ಹೇಳುತ್ತಿದ್ದರು. ಪ್ಯಾಕೆಟ್ ಹಾಲು ಬಾಗಿಲಿಗೇ ಬರುವಾಗ ಈ ಕಷ್ಟ ಯಾಕೆ ಎಂಬುದು ಅವರ ವಾದ. ಆ ಮಾತು ಕಿವಿಗೆ ಬಿದ್ದರೆ ಅತ್ತೆಗೆ ಮೈಯೆಲ್ಲ ಉರಿ.

ಆ ಸಲ ದನ ಕರು ಹಾಕಿತು, ಆದರೆ ಹತ್ತಿರ ಸೇರಿಸಲಿಲ್ಲ. ಕೆಚ್ಚಲಿಗೆ ಬಾಯಿ ಹಾಕಿದರೆ ಒದೆ. ಹಾಗಾದಾಗ ನಮ್ಮಲ್ಲಿ ಹಾಲು ಕರೆದು ಬೋಗುಣಿಗೆ ಹಾಕಿ, ಅದರಲ್ಲಿ ಬೆರಳು ಅದ್ದಿ ಕರುವಿನ ಬಾಯಿಗೆ ಕೊಡುತ್ತೇವೆ. ಬೆರಳೇ ಮೊಲೆಯೆಂದು ಅದು ಚೀಪುತ್ತದೆ. ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಹಾಲಿಗೆ ಇಳಿಸಿದರೆ ಕುಡಿಯಲು ಕಲಿಯುತ್ತದೆ. ಅತ್ತೆ ಕೊಟ್ಟಿಗೆಯಲ್ಲೇ ಮಣೆ ಹಾಕಿಕೊಂಡು ಕೂತರು. ಗದ್ದೆ ನೆಡುವಾಗಿನ ನೆಟ್ಟಿಯ ಹಾಡು ಹೇಳುತ್ತ ಬೆರಳು ಚೀಪಿಸುವುದು, ನಡುವೆ ಸೆರಗಿಗೆ ಕೈ ಒರೆಸಿ ಕವಳ ಹಾಕುವುದು. ವೀಳ್ಯದೆಲೆಗೆ ಸುಣ್ಣ ಸವರುವುದೂ ಅದೇ ಬೆರಳಿನಲ್ಲಿ. ಅಷ್ಟರಲ್ಲಿ ಕರುವಿಗೆ ಭೇದಿ ಹಿಡಿಯಿತು. ಅದರ ಹಿಂಭಾಗ ಒರೆಸಿದ್ದೂ ಅವರೇ. ನಾನು ಕೈ ಹಾಕಲು ಹೋದರೆ, "ನಿಂಗೆ ಗೊತ್ತಾಗುದಿಲ್ಲ, ಆಚೆ ಸರಿ" ಎಂದು ಓಡಿಸಿದರು.

ಅದೇ ಹೊತ್ತಿಗೆ ಕುಮಟೆಯಲ್ಲಿ ನನ್ನ ಅಣ್ಣನ ಹೊಸ ಮನೆಯ ಒಕ್ಕಲಿನ ಪೂಜೆ ಬಂತು. ಪೂಜೆಯ ಮರುದಿನ ಮೀನಿನ ಊಟ. ಅತ್ತೆ ಕರುವನ್ನು ಮಗನಿಗೆ ಒಪ್ಪಿಸಿ ನನ್ನ ಜೊತೆ ಬಂದರು, ಸಾರನ್ನು ಮತ್ತೊಮ್ಮೆ ಹಾಕಿಸಿಕೊಂಡು ಉಂಡರು. ಮನೆಗೆ ಬಂದ ಮೇಲೆ ಹೊಟ್ಟೆ ಕೆಟ್ಟಿತು. ಮೊದಲು ವಾಂತಿ, ಆಮೇಲೆ ಜ್ವರ, ಕಡೆಗೆ ಭೇದಿಯಲ್ಲಿ ರಕ್ತ.

"ನಿನ್ನ ತೌರ್ಮನೆ ಮೀನು. ಬೇರೆ ಎಂತದೂ ಅಲ್ಲ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಾನೂ ಅದೇ ಪಾತ್ರೆಯ ಸಾರು ಉಂಡವಳು, ಗುಂಡುಕಲ್ಲಿನ ಹಾಗೆ ಇದ್ದೆ! "ಅಷ್ಟು ಕೆಟ್ಟಿದ್ರೆ ಮತ್ತೊಂದ್ಸಲ ಎಂತಕೆ ಹಾಕಿಸ್ಕಂಡ್ರಿ?" ಎಂದು ಕೇಳಿಯೇಬಿಟ್ಟೆ. ಬೇರೆ ದಿನವಾಗಿದ್ದರೆ ನನ್ನ ನೀರಿಳಿಸುತ್ತಿದ್ದರು. ಅವತ್ತು ಗೋಡೆಯ ಕಡೆ ತಿರುಗಿ ಮಲಗಿದರು. ಹಣೆ ಮುಟ್ಟಿ ನೋಡಿದರೆ ಕೆಂಡ. ಕಣ್ಣು ಗುಳಿ ಬಿದ್ದಿತ್ತು, ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ರಿಕ್ಷಾ ಕರೆಸಿ ಹೊನ್ನಾವರದ ಆಸ್ಪತ್ರೆಗೆ ಹೊರಟೆವು.

ಸಲೈನ್ ಹಚ್ಚಿದ ಡಾಕ್ಟರಮ್ಮ ಮೊದಲು ಕೇಳಿದ್ದು, ಮೂತ್ರ ಆಗಿದ್ದು ಯಾವಾಗ ಎಂದು. ಬೆಳಿಗ್ಗೆಯಿಂದ ಆದ ಹಾಗಿಲ್ಲ ಎಂದೆ. "ಮೈಯಲ್ಲಿ ನೀರೇ ಇಲ್ಲ. ಈ ವಯಸ್ಸಿನಲ್ಲಿ ಕಿಡ್ನಿಗೆ ಹೊಡೆತ ಬಿದ್ದರೆ ಜೀವಕ್ಕೇ ಕಷ್ಟ" ಎಂದರು. ಆಮೇಲೆ ಏನು ತಿಂದಿದ್ದರು ಎಂದು ವಿಚಾರಿಸಿದರು. ಗಂಡ ಮೀನಿನ ಊಟದ ಕತೆ ಹೇಳಿದರು. ಆ ಊಟ ಉಂಡ ಬೇರೆ ಯಾರಿಗಾದರೂ ಹೀಗಾಗಿದೆಯಾ? ಇಲ್ಲ. ಮನೆಯಲ್ಲಿ ಯಾರಿಗಾದರೂ ಭೇದಿ?

"ಯಾರಿಗೂ ಇಲ್ಲ ಮೇಡಂ" ಎಂದರು ಗಂಡ.

"ದನ, ಕೋಳಿ ಏನಾದರೂ ಸಾಕಿದ್ದೀರಾ?"

ನಾನು ಬಾಯಿ ತೆರೆದೆ. ಮಂಚದ ಮೇಲಿಂದಲೇ ಅತ್ತೆ ನನ್ನ ಕೈ ಹಿಡಿದು ಎಳೆದರು. ಅಬ್ಬಾ, ಅಷ್ಟು ನಿತ್ರಾಣದಲ್ಲೂ ಎಂಥ ಹಿಡಿತ! ನಾನು ಬಗ್ಗಿದೆ.

"ಹೇಳ್ಬೇಡ್ವೇ" ಎಂದರು ಕಿವಿಯಲ್ಲಿ. "ಕರುವಿಂದ ಆತು ಅಂದ್ರೆ ಅವ ದನ ಕೊಟ್ಟೇಬಿಡ್ತ."

ಅಂದರೆ ಅವರಿಗೂ ಅನುಮಾನವಿತ್ತು! ದನ ಕರುವನ್ನು ಉಳಿಸಿಕೊಳ್ಳಲು ತಪ್ಪನ್ನು ನನ್ನ ಅಣ್ಣನ ಮೀನಿನ ಮೇಲೆ ಹಾಕಿದ್ದರು. ನನಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. "ಸುಮ್ನಿರಿ ಅತ್ತೆ. ನೀವು ಇದ್ರಲ್ವಾ ದನ ಇರುದು" ಎಂದು ಹೇಳಿ, ಕರುವಿನ ಭೇದಿ, ಬೆರಳು, ಸೆರಗು, ಕವಳ, ಎಲ್ಲವನ್ನೂ ಡಾಕ್ಟರಮ್ಮನ ಮುಂದೆ ಒದರಿಬಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡರು.

ಡಾಕ್ಟರಮ್ಮ ಬೈಯಲಿಲ್ಲ. ದನಕರುಗಳ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಮನುಷ್ಯರ ಕರುಳಿಗೂ ಇಳಿಯುತ್ತವೆ, ಕೈಯಿಂದ ಬಾಯಿಗೆ ಹೋದರೆ ಸಾಕು, ಕೈ ಹೊಲಸಾಗಿ ಕಾಣಬೇಕೆಂದೂ ಇಲ್ಲ ಎಂದರು. ಮಲವನ್ನು ಪರೀಕ್ಷೆಗೆ ಕಳಿಸಿದರು. ಬಂದ ರಿಪೋರ್ಟಿನಲ್ಲೂ ಅದೇ ಜಾತಿಯ ಬ್ಯಾಕ್ಟೀರಿಯಾ ಇತ್ತು. ಔಷಧಿ ಬದಲಾಯಿತು. ಅಣ್ಣನ ಮೀನಿನ ಮೇಲಿನ ಅಪವಾದ ಹೋಯಿತಲ್ಲ ಎಂದು ನನಗೆ ಒಳಗೊಳಗೇ ಖುಷಿಯಾದದ್ದು ಸುಳ್ಳಲ್ಲ. ಆದರೆ ನಳಿಗೆ ಹಾಕಿ ಮಂಚಕ್ಕೆ ತೂಗುಬಿಟ್ಟಿದ್ದ ಮೂತ್ರದ ಚೀಲ ಬರಿದೇ ಇತ್ತು. ಅದನ್ನು ನೋಡಿದಾಗೆಲ್ಲ ಖುಷಿ ಆರಿಹೋಗುತ್ತಿತ್ತು.

ಗಂಡ ಊರಿಗೆ ಹೋಗಿ ದನದ ಡಾಕ್ಟರನ್ನು ಕರೆಸಿ, ಕರುವಿಗೆ ಔಷಧಿ ಹಾಕಿಸಿ ಬಂದರು. ಅತ್ತೆ ಕಣ್ಣು ತೆರೆದು, "ಕೊಟ್ಯಾ?" ಎಂದರು.

"ಎಂತ ಕೊಡುದು ಅಮ್ಮ? ಕರು ಎದ್ದು ನಿಂತದೆ. ಸೋಪು ಹಾಕಿ ಕೈ ತೊಳ್ಕಂಡ್ರೆ ಆತಂತೆ. ಹಾಲು ನಾನೇ ಕರೀತೆ ಇನ್ಮೇಲೆ."

ಅತ್ತೆ ನಿದ್ದೆ ಹೋದರು. ಮರುದಿನ ಬೆಳಿಗ್ಗೆ ನರ್ಸ್ ಚೀಲ ಎತ್ತಿ ತೋರಿಸಿ, "ನೋಡಿ, ತುಂಬ್ತಾ ಇದೆ" ಎಂದಳು. ಮೂತ್ರ ನೋಡಿ ಹೋದ ಜೀವ ಬಂದ ಹಾಗಾಗುತ್ತದೆ ಎಂದು ನಾನು ಯಾವತ್ತೂ ಎಣಿಸಿರಲಿಲ್ಲ. ನರ್ಸಿನ ಕೈ ಹಿಡಿದುಕೊಂಡು ಕುಣಿಯುವುದೊಂದು ಬಾಕಿ.

ಮಧ್ಯಾಹ್ನ ಅತ್ತೆ ತಾವಾಗಿಯೇ ಮಗ್ಗುಲು ಬದಲಿಸಿ ನನ್ನನ್ನು ನೋಡಿದರು.

"ಏ, ಹಸಿವಾತದೆ" ಎಂದರು. "ಎಂತಾದ್ರೂ ತಾ."

ಗಂಜಿ ತರಲು ಪಾತ್ರೆ ಹಿಡಿದು ಓಡಿದೆ. ಎದುರಿಂದ ಮೆಟ್ಟಿಲು ಹತ್ತಿ ಬರುತ್ತಿದ್ದ ಗಂಡ ನನ್ನ ಮುಖ ನೋಡಿ ಅಲ್ಲೇ ನಿಂತರು. ನಾನು ಅಳುತ್ತಿದ್ದೆನಂತೆ, ನನಗೆ ಗೊತ್ತೇ ಆಗಿರಲಿಲ್ಲ.

"ಅಮ್ಮಂಗೆ ಎಂತ ಆತು?" ಎಂದರು.

"ಹಸಿವಾತದಂತೆ" ಎಂದೆ.

ಅವರು ಆ ಮೆಟ್ಟಿಲ ಮೇಲೇ ಕೂತುಬಿಟ್ಟರು.