ಹತ್ತು ಗೋಲಿನ ಸಮಾಧಾನ

ಅಮೆರಿಕದ ಬರ್ಬ್ಯಾಂಕಿನಲ್ಲಿರುವ ಈರಯ್ಯನ ಕಿರಾಣಿ ಅಂಗಡಿಗೆ ರಿಗೊಬೆರ್ಟೊ ಬರುವುದು ಒಂದು ಪೊಟ್ಟಣ ರಾಜ್ಮಾಕ್ಕೆ, ನಿಲ್ಲುವುದು ತಾಸುಗಟ್ಟಲೆ. ತನ್ನ ಪುಟ್ಟ ದೇಶ ಎಲ್ ಸಾಲ್ವಡಾರಿನ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಸಿಕ್ಕ ಗಿರಾಕಿಗೆಲ್ಲ ಬಡಿಸುತ್ತಾನೆ. ಎಪ್ಪತ್ತರ ವಿಶ್ವಕಪ್ಪಿನಲ್ಲಿ ಒಂದೂ ಗೋಲು ಹೊಡೆಯದೆ ಮೂರೂ ಆಟ ಸೋತದ್ದನ್ನು ಮದುವೆ ಊಟದಂತೆ ಬಣ್ಣಿಸುತ್ತಾನೆ. “ಸೋತದ್ದನ್ನ ಇಷ್ಟ ಹೇಳ್ತಿ, ಗೆದ್ದರ ನಾ ಅಂಗಡಿ ನಿನಗ ಬಿಟ್ಟು ಮನೀಗೆ ಹೋಗಬೇಕು ನೋಡ್ ತಮ್ಮಾ!” ಎಂದು ಈರಯ್ಯ ಕಾಲೆಳೆಯುತ್ತಾನೆ. ಸೋತಾಗಲೆಲ್ಲ ಊರಲ್ಲೇ ಉಳಿದ ಅಣ್ಣನಿಗೆ ಫೋನ್ ಮಾಡಿ, ತಂಡದ ಪರ ವಾದಿಸಿ ಬೈಸಿಕೊಳ್ಳುವುದು ರಿಗೊಬೆರ್ಟೊನ ವ್ರತ. ಎಂಬತ್ತೆರಡರ ವಿಶ್ವಕಪ್ಪಿನಲ್ಲಿ ಹಂಗೇರಿ ಆ ತಂಡಕ್ಕೆ ಹತ್ತು ಗೋಲು ಬಾರಿಸಿದ ದಿನ, ಅಲ್ಲಿನ ಅಂತರ್ಯುದ್ಧದ ನಡುವೆ ಸಿಲುಕಿದ್ದ ಅಣ್ಣನ ಸುದ್ದಿಯೇ ಇಲ್ಲದೆ ತಿಂಗಳುಗಳಾಗಿದ್ದವು. ಗಿರಾಕಿಗಳಿಗೆ ಫೋನ್ ಮುಟ್ಟಗೊಡದ ಈರಯ್ಯ ತಾನೇ ಅದನ್ನು ಮುಂದೆ ತಳ್ಳಿದ. ಆ ಕಡೆ ಬಹಳ ಹೊತ್ತು ರಿಂಗಾಯಿತು. ಆಮೇಲೆ ರಿಗೊಬೆರ್ಟೊ ಅಳುತ್ತ ನಗತೊಡಗಿದ: “ಅಂಕಲ್, ಬದುಕಿದಾನೆ! ತಂಡದ ಹನ್ನೊಂದು ಜನಕ್ಕೂ ಹೆಸರು ಹಿಡಿದು ಬೈತಿದಾನೆ!”